ಬೀಗದ ಕೈ ಜೊತೆ ಯಾರೂ ಹೇಳಿಕೊಡದ ಮಾತು

ಬಚ್ಚಲಿನ ನೆಲದ ಮೂಲೆಯಲ್ಲಿ ಒಂದು ಜಾಲರಿ ಇರುತ್ತದೆ. ಅದನ್ನು ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಒಂದಿಷ್ಟು ನೀರು ನಿಂತಿರುವುದು ಕಾಣಬೇಕು. ಅದು ಕಟ್ಟಿಕೊಂಡು ನಿಂತ ನೀರಲ್ಲ, ಬೇಕೆಂದೇ ನಿಲ್ಲಿಸಿದ್ದು. ಪೈಪು ಅಲ್ಲಿ ಕೆಳಗೆ ಬಾಗಿ, ಮತ್ತೆ ಮೇಲೆದ್ದು ಮುಂದೆ ಹೋಗುತ್ತದೆ. ಆ ಬಾಗಿನಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರ್ ಆಳಕ್ಕೆ ನಿಲ್ಲುವ ನೀರೇ ಮನೆಗೂ ಚರಂಡಿಗೂ ನಡುವಿನ ಬಾಗಿಲು. ಪ್ಲಂಬರ್‌ಗಳು ಟ್ರ್ಯಾಪ್ ಅನ್ನುವುದು ಇದಕ್ಕೇ. ನೀರು ಇರುವ ತನಕ ಚರಂಡಿಯ ಗಾಳಿ, ಜಿರಳೆ, ಸಣ್ಣ ನೊಣ ಎಲ್ಲ ಆಚೆಗೇ ಉಳಿಯುತ್ತವೆ. ಬಳಸದ ಬಚ್ಚಲಿನಲ್ಲಿ ಕೆಲವು ವಾರಗಳಲ್ಲಿ ಈ ನೀರು ಆರಿಹೋಗುತ್ತದೆ. ಸೆಕೆ ಜೋರಿದ್ದು ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಇನ್ನೂ ಬೇಗ. ಆಮೇಲೆ ಬಾಗಿಲು ಹಾರುಹೊಡೆದಂತೆ.

2003ರ ಮಾರ್ಚ್ ಕೊನೆಯಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿ ಸಮುಚ್ಚಯದಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕುರೋಗ ಹಬ್ಬಿತು. ಏಪ್ರಿಲ್ ನಡುವಿನ ಹೊತ್ತಿಗೆ 300ಕ್ಕೂ ಹೆಚ್ಚು ಜನರಿಗೆ ತಗುಲಿತ್ತು. ಭೇದಿಯಾಗುತ್ತಿದ್ದ ಸೋಂಕಿತನೊಬ್ಬ ಅಲ್ಲಿನ ಶೌಚಾಲಯ ಬಳಸಿದ್ದ. ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಬೊಟ್ಟು ಮಾಡಿದ ಸಂಗತಿಗಳಲ್ಲಿ ಮುಖ್ಯವಾದದ್ದು ಈ ಟ್ರ್ಯಾಪ್. ನಿವಾಸಿಗಳು ಬಚ್ಚಲಿನ ನೆಲಕ್ಕೆ ನೀರು ಸುರಿದು ತೊಳೆಯುತ್ತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಹಾಗಾಗಿ ನೆಲದ ಟ್ರ್ಯಾಪ್‌ಗಳಿಗೆ ನೀರು ಬೀಳದೆ ಎಷ್ಟೋ ಮನೆಗಳಲ್ಲಿ ಅವು ಒಣಗಿದ್ದವು. ಕಿರಿದಾದ ಬಚ್ಚಲಿನಲ್ಲಿ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದು ಬೇರೆ ದಾರಿಯಿಲ್ಲದೆ ಆ ತೂತಿನಿಂದಲೇ ಗಾಳಿ ಎಳೆದುಕೊಂಡಿತು; ಮಹಡಿಯಿಂದ ಮಹಡಿಗೆ ಇಳಿಯುವ ಮಲದ ಪೈಪಿನೊಳಗಿನ ಹನಿಗಳು ಗಾಳಿಯೊಂದಿಗೆ ಮನೆಯೊಳಕ್ಕೆ ಬಂದವು. ನೆಲ ಒರೆಸುವುದರಲ್ಲಿ ತಪ್ಪೇನಿದೆ? ಫ್ಯಾನ್ ಹಾಕುವುದರಲ್ಲಿ ತಪ್ಪೇನಿದೆ? ಎರಡೂ ಒಳ್ಳೆಯ ಅಭ್ಯಾಸಗಳೇ. ನೆಲದ ಆ ತೂತಿಗೆ ವಾರಕ್ಕೊಂದು ಚೊಂಬು ನೀರು ಬೇಕು ಅನ್ನುವ ಒಂದೇ ಒಂದು ಮಾತು ಅಲ್ಲಿ ಇರಲಿಲ್ಲ.

ಮನೆಯೊಳಗಿನ ಗಾಳಿ, ತೇವ, ಧೂಳಿನ ವಿಷಯದಲ್ಲಿ ಆಗುವ ಅನಾಹುತಗಳಲ್ಲಿ ಬಹುಪಾಲು ಈ ಜಾತಿಯವು. ನಿರ್ಲಕ್ಷ್ಯಕ್ಕಿಂತ ಹೆಚ್ಚಾಗಿ, ಒಂದು ಬಗೆಯ ಮನೆಯಲ್ಲಿ ಕಲಿತ ಅಭ್ಯಾಸವನ್ನು ಇನ್ನೊಂದು ಬಗೆಯ ಮನೆಗೆ ಹಾಗೆಯೇ ಹೊತ್ತು ತರುವುದರಿಂದ ಆಗುವಂಥವು. ಹೆಂಚಿನ ಸಂದಿನಲ್ಲಿ, ಕಿಟಕಿಯ ಚೌಕಟ್ಟಿನ ಬಿರುಕಿನಲ್ಲಿ ಗಾಳಿ ತಾನಾಗಿ ಓಡಾಡುತ್ತಿದ್ದ ಮನೆಯಲ್ಲಿ ಕಿಟಕಿ ಮುಚ್ಚಿ ಮಲಗಿದರೂ ನಡೆಯುತ್ತಿತ್ತು. ರಬ್ಬರ್ ಪಟ್ಟಿ ಕೂರಿಸಿದ ಜಾರು ಕಿಟಕಿಯ ಮನೆಯಲ್ಲಿ ನಡೆಯುವುದಿಲ್ಲ. ಆದರೆ ಹೊಸ ಮನೆಯ ಬೀಗದ ಕೈ ಕೊಡುವಾಗ ಮೀಟರ್ ಎಲ್ಲಿದೆ, ನೀರಿನ ವಾಲ್ವ್ ಎಲ್ಲಿದೆ ಎಂದು ತೋರಿಸುತ್ತಾರೆಯೇ ಹೊರತು ಈ ಮನೆ ಎಲ್ಲಿಂದ ಉಸಿರಾಡುತ್ತದೆ ಎಂದು ಯಾರೂ ತೋರಿಸುವುದಿಲ್ಲ.

ಮಲಗುವ ಕೋಣೆಯ ಲೆಕ್ಕ ನೋಡಿ. ಮೂರು ಮೀಟರಿಗೆ ಸ್ವಲ್ಪ ಮೇಲ್ಪಟ್ಟ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಸುಮಾರು 30 ಘನ ಮೀಟರ್ ಗಾಳಿ ಇರುತ್ತದೆ. ನಿದ್ದೆಯಲ್ಲಿರುವ ವಯಸ್ಕರೊಬ್ಬರು ಗಂಟೆಗೆ 11–12 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ಇಬ್ಬರು ಮಲಗಿದರೆ, ಗಾಳಿ ಬದಲಾಗುವ ದಾರಿ ಒಂದೂ ಇಲ್ಲದಿದ್ದರೆ, ಗಂಟೆಗೆ 750 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂಬ ಲೆಕ್ಕ) ಹತ್ತಿರ ಏರುತ್ತ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಅದು 420ಕ್ಕಿಂತ ತುಸು ಹೆಚ್ಚು. ಅಂದರೆ ಒಂದು ಗಂಟೆಯೊಳಗೇ 1,000 ದಾಟಿತು. ಬಾಗಿಲ ಕೆಳಗಿನ ಸಂದಿನಿಂದ ಅಲ್ಪಸ್ವಲ್ಪ ಸೋರಿದರೂ ಬೆಳಗಿನ ಹೊತ್ತಿಗೆ 2,500, 3,000 ತೋರಿಸುವ ಕೋಣೆಗಳು ಅಪರೂಪವೇನಲ್ಲ.

ಒಳಗಿನ ಗಾಳಿ ಹಳಸಿತು ಎನ್ನಲು ಈ 1,000ದ ಗೆರೆ ಎಳೆದದ್ದು ಮ್ಯೂನಿಕ್‌ನ ಆರೋಗ್ಯವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್, 1858ರಲ್ಲಿ. ಆತ ಹೇಳಿದ್ದನ್ನು ಇವತ್ತಿಗೂ ತಪ್ಪಾಗಿ ಓದುವವರಿದ್ದಾರೆ. ಅಷ್ಟು ಪ್ರಮಾಣದ ಡೈಆಕ್ಸೈಡ್ ತಾನೇ ವಿಷ ಎಂದು ಆತ ಹೇಳಲಿಲ್ಲ. ಜನ ಬಿಟ್ಟ ಉಸಿರು, ಮೈಯ ವಾಸನೆ, ಬೆವರಿನ ಆವಿ ಎಲ್ಲ ಎಷ್ಟು ಸೇರಿಕೊಂಡಿದೆ ಎಂದು ತಿಳಿಯಲು ಅದೊಂದು ಗುರುತು ಅಂದ. ಉಸಿರಿನ ಜೊತೆ ನೆಗಡಿಯ ವೈರಾಣುವೂ ಇರುತ್ತದೆ, ಹಾಸಿಗೆ-ಬೀರುಗಳಿಂದ ಬಿಡುಗಡೆಯಾದ ರಾಸಾಯನಿಕವೂ ಇರುತ್ತದೆ. ಡೈಆಕ್ಸೈಡ್ ಏರಿದ ಕೋಣೆಯಲ್ಲಿ ಅವೂ ಏರಿರುತ್ತವೆ. ಬೆಳಿಗ್ಗೆ ಎದ್ದಾಗ ತಲೆ ಭಾರ, ಬಾಯಿ ಒಣಗಿದಂತೆ, ಎಂಟು ಗಂಟೆ ಮಲಗಿದರೂ ನಿದ್ದೆ ಸಾಲದಂತೆ ಅನ್ನಿಸಿದರೆ ದಿಂಬನ್ನು ಬಯ್ಯುವ ಮೊದಲು ಕಿಟಕಿಯನ್ನು ವಿಚಾರಿಸುವುದು ಒಳ್ಳೆಯದು.

ಇಲ್ಲಿ ಅತಿ ವ್ಯಾಪಕವಾದ ತಪ್ಪು ತಿಳಿವಳಿಕೆಯೊಂದಿದೆ: ಎಸಿ ಹೊಸ ಗಾಳಿ ತರುತ್ತದೆ ಎಂಬುದು. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯ ಒಳಭಾಗಕ್ಕೂ ಹೊರಗಿನ ಪೆಟ್ಟಿಗೆಗೂ ನಡುವೆ ಓಡಾಡುವುದು ತಾಮ್ರದ ಕೊಳವೆಯೊಳಗಿನ ತಣಿಸುವ ಅನಿಲ ಮಾತ್ರ, ಗಾಳಿಯಲ್ಲ. ಕೋಣೆಯಲ್ಲಿದ್ದ ಗಾಳಿಯನ್ನೇ ಅದು ಮತ್ತೆ ಮತ್ತೆ ಎಳೆದು ತಣಿಸಿ ಬಿಡುತ್ತದೆ. ಸೀಲಿಂಗ್ ಫ್ಯಾನ್ ಮಾಡುವುದೂ ಕಲಕುವ ಕೆಲಸವಷ್ಟೇ. ತಣ್ಣಗಿರುವ ಗಾಳಿ ತಾಜಾ ಅನ್ನಿಸುತ್ತದೆ, ಅದೇ ಮೋಸ. ಎಸಿ ಹಾಕಿ ಮಲಗುವವರು ಮಲಗುವ ಮೊದಲು ಹತ್ತು ನಿಮಿಷ ಎದುರುಬದುರಿನ ಕಿಟಕಿ-ಬಾಗಿಲು ಪೂರ್ತಿ ತೆರೆದು ಗಾಳಿ ಬದಲಿಸಬೇಕು, ಆಮೇಲೆ ಕಿಟಕಿಯನ್ನು ಎರಡು ಬೆರಳು ಹೋಗುವಷ್ಟು ಬಿಟ್ಟಿರಬೇಕು. ಕರೆಂಟು ಸ್ವಲ್ಪ ಹೆಚ್ಚು ಸುಡುತ್ತದೆ, ನಿಜ. ಹೊರಗೆ ಗದ್ದಲವೋ ಹೊಗೆಯೋ ಇದ್ದು ಕಿಟಕಿ ತೆರೆಯುವಂತಿಲ್ಲ ಅಂದರೆ ಕೋಣೆಯ ಬಾಗಿಲನ್ನಾದರೂ ತೆರೆದಿಡಿ; ಕೋಣೆಯ 30 ಘನ ಮೀಟರ್ ಬದಲು ಇಡೀ ಮನೆಯ ಗಾಳಿ ಸಿಕ್ಕಂತಾಗುತ್ತದೆ. ಎಸಿಯ ಜಾಲರಿ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನಲ್ಲಿಯ ನೀರಿನಲ್ಲಿ ಹಿಂಬದಿಯಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಒದ್ದೆಯಾಗಿಯೇ ಹಾಕಿದರೆ ಅದೇ ಬೂಷ್ಟಿನ ಗೂಡಾಗುತ್ತದೆ.

ಕಿಟಕಿ ಮುಚ್ಚುವುದಕ್ಕೆ ಇನ್ನೊಂದು ಕಾರಣ ಸೊಳ್ಳೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿಡುವವರು ಒಂದು ಅಳತೆಯನ್ನು ನೆನಪಿಡಬೇಕು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಪಿಎಂ 2.5 ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು ಕಂಡುಬಂತು. ಕಿಟಕಿಗೆ ಜಾಲರಿ, ಹಾಸಿಗೆಗೆ ಸೊಳ್ಳೆ ಪರದೆ ಇದ್ದರೆ ಗಾಳಿಯೂ ಬರುತ್ತದೆ, ಹೊಗೆಯೂ ಇರುವುದಿಲ್ಲ. ಜಾಲರಿಯ ಕಣ್ಣುಗಳಲ್ಲಿ ಧೂಳು ಮೆತ್ತಿಕೊಂಡರೆ ಗಾಳಿ ಅರ್ಧಕ್ಕರ್ಧ ತಡೆದುಹೋಗುತ್ತದೆ. ಮೆತ್ತನೆಯ ಬ್ರಷ್ ಮತ್ತು ಸೋಪಿನ ನೀರಿನಿಂದ ಆಗಾಗ ತೊಳೆಯಬೇಕು.

ಗಾಳಿಗಿಂತ ಜನರನ್ನು ಹೆಚ್ಚು ದಾರಿ ತಪ್ಪಿಸುವುದು ತೇವ. "ಕಿಟಕಿ ತೆರೆದರೆ ಮನೆ ಒಣಗುತ್ತದೆ" ಎಂಬುದು ಎಷ್ಟು ಗಟ್ಟಿಯಾಗಿ ನಮ್ಮೊಳಗೆ ಕೂತಿದೆ ಎಂದರೆ ಅದು ಕೆಲವೊಮ್ಮೆ ತಲೆಕೆಳಗಾಗುತ್ತದೆ ಎಂದು ಹೇಳಿದರೆ ನಂಬುವುದು ಕಷ್ಟ. ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯ ದಿನ ಹೊರಗೆ 28 ಡಿಗ್ರಿ, ಸಾಪೇಕ್ಷ ತೇವಾಂಶ ಶೇ 85. ಒಳಗೆ ಎಸಿಯಿಂದ 24 ಡಿಗ್ರಿ, ಶೇ 55. ಹೊರಗಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇದೆ, ಒಳಗಿನದರಲ್ಲಿ 12 ಗ್ರಾಂ. ಈಗ ಕಿಟಕಿ ತೆರೆದು ಕೋಣೆಯ ಗಾಳಿ ಒಮ್ಮೆ ಬದಲಾದರೆ ಒಂದು ಲೋಟಕ್ಕಿಂತ ಹೆಚ್ಚು ನೀರನ್ನು ಒಳಗೆ ಕರೆದಂತಾಯಿತು. ಆ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ಹನಿಗಟ್ಟುತ್ತದೆ. ತಣ್ಣಗಿದ್ದ ನೆಲದ ಟೈಲು, ಬೀರುವಿನ ಕನ್ನಡಿ ಬೆವರುವುದು ಅದಕ್ಕೇ. ಎರಡನೆಯ ದಿನ ಹೊರಗೆ ಜಡಿಮಳೆ, 10 ಡಿಗ್ರಿ ಚಳಿ, ತೇವಾಂಶ ಶೇ 95. ಒಳಗೆ 20 ಡಿಗ್ರಿ, ಶೇ 60. ನೋಡಲು ಹೊರಗೆಲ್ಲ ನೀರೇ ನೀರು. ಆದರೆ ಆ ಚಳಿಗಾಳಿ ಹಿಡಿದಿಟ್ಟುಕೊಂಡಿರುವ ಆವಿ ಘನ ಮೀಟರಿಗೆ 9 ಗ್ರಾಂ ಮಾತ್ರ, ಒಳಗೆ 10 ಗ್ರಾಂಗೂ ಹೆಚ್ಚು. ಆ ಮಳೆಯಲ್ಲಿ ಐದು ನಿಮಿಷ ಕಿಟಕಿ ತೆರೆದರೆ ಮನೆ ನಿಜಕ್ಕೂ ಒಣಗುತ್ತದೆ. ಶೇಕಡಾವಾರು ಅಂಕಿಯನ್ನು ಮಾತ್ರ ನೋಡಿದರೆ ಈ ಎರಡೂ ದಿನ ತಪ್ಪು ಮಾಡುತ್ತೇವೆ. ಬಿಸಿ ಗಾಳಿಯ ಚೀಲ ದೊಡ್ಡದು, ತಣ್ಣನೆಯ ಗಾಳಿಯ ಚೀಲ ಚಿಕ್ಕದು. ಶೇಕಡಾ ಹೇಳುವುದು ಚೀಲ ಎಷ್ಟು ತುಂಬಿದೆ ಎಂಬುದನ್ನಷ್ಟೇ. ನೆಲಮಾಳಿಗೆಯ ಕೋಣೆಗಳಿಗೆ ಬೇಸಗೆಯ ಮಧ್ಯಾಹ್ನ ಕಿಟಕಿ ತೆರೆದು ಒಣಗಿಸಲು ಹೊರಟು ಗೋಡೆ ಒದ್ದೆ ಮಾಡಿಕೊಳ್ಳುವುದೂ ಇದೇ ಲೆಕ್ಕದ ತಪ್ಪಿನಿಂದ. ಅಲ್ಲಿ ನಸುಕಿನ ತಂಪು ಹೊತ್ತೇ ಸರಿ.

ಇಷ್ಟೆಲ್ಲ ಆವಿ ಬರುವುದಾದರೂ ಎಲ್ಲಿಂದ? ಹೆಚ್ಚಿನದು ನಮ್ಮಿಂದಲೇ. ಉಸಿರು, ಬೆವರು, ಅಡುಗೆ, ಸ್ನಾನ, ಬಟ್ಟೆ ಒಣಹಾಕುವುದು ಸೇರಿ ನಾಲ್ವರ ಮನೆ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಮಷಿನ್ನಿನಲ್ಲಿ ಒಗೆದು ಹಿಂಡಿದ ಒಂದು ಸರದಿಯ ಬಟ್ಟೆಯಲ್ಲೇ ಎರಡು ಲೀಟರ್ ನೀರು ಉಳಿದಿರುತ್ತದೆ. ಅದನ್ನು ಮುಚ್ಚಿದ ಕೋಣೆಯಲ್ಲಿ ಹರವಿದರೆ ಆ ಎರಡು ಲೀಟರ್ ಗೋಡೆ, ಹಾಸಿಗೆ, ಪುಸ್ತಕಗಳಿಗೆ ಹಂಚಿಹೋಗುತ್ತದೆ. ಒಳಗೇ ಒಣಗಿಸಬೇಕಾದ ದಿನಗಳಲ್ಲಿ ಇನ್ನೊಂದು ಸಲ ಸ್ಪಿನ್ ಮಾಡಿ, ಬಟ್ಟೆಯನ್ನು ಬಚ್ಚಲಿನಲ್ಲೇ ಹರವಿ, ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಓಡಿಸುವುದು ಉತ್ತಮ. ಬಾಗಿಲ ಕೆಳಗೆ ಒಂದೆರಡು ಸೆಂಟಿಮೀಟರ್ ಸಂದು ಇರಲೇಬೇಕು. ಒಳಬರುವ ದಾರಿಯಿಲ್ಲದೆ ಯಾವ ಫ್ಯಾನೂ ಗಾಳಿಯನ್ನು ಹೊರಹಾಕಲಾರದು. ಫ್ಯಾನ್ ಕೆಲಸ ಮಾಡುತ್ತಿದೆಯೇ ಎಂದು ಸದ್ದಿನಿಂದ ತೀರ್ಮಾನಿಸಬೇಡಿ. ಒಂದು ಹಾಳೆ ಟಿಶ್ಯೂ ಕಾಗದವನ್ನು ಜಾಲರಿಯ ಹತ್ತಿರ ಹಿಡಿದು ಕೈ ಬಿಡಿ. ಅಂಟಿಕೊಂಡರೆ ಎಳೆತ ಇದೆ. ಕೆಳಗೆ ಬಿದ್ದರೆ ರೆಕ್ಕೆಗೆ ಧೂಳು ಕಟ್ಟಿರಬೇಕು, ಹೊರಗಿನ ಮುಚ್ಚಳ ತೆರೆಯದೆ ಸಿಕ್ಕಿಕೊಂಡಿರಬೇಕು, ಇಲ್ಲವೇ ಬಾಗಿಲ ಸಂದು ಮುಚ್ಚಿಹೋಗಿರಬೇಕು. ಬಾಗಿಲು ತುಸು ತೆರೆದಾಗ ಕಾಗದ ಅಂಟಿತೆಂದರೆ ಕಾರಣ ಮೂರನೆಯದು.

ಬೂಷ್ಟು ಹಿಡಿಯುವುದು ಕೋಣೆಯ ನಡುವಿನ ತೇವಾಂಶ ನೋಡಿಕೊಂಡಲ್ಲ, ಗೋಡೆಯ ಮೈಯ ತೇವಾಂಶ ನೋಡಿಕೊಂಡು. ಕೋಣೆಯ ನಡುವೆ 20 ಡಿಗ್ರಿ, ಶೇ 60 ಇದೆ ಎನ್ನಿ. ಯಾರಿಗೂ ಚಿಂತೆಯಾಗದ ಅಂಕಿ. ಹೊರಗೋಡೆಗೆ ಒತ್ತರಿಸಿ ಇಟ್ಟ ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ, ಮನೆಯೊಳಗಿನ ಬಿಸಿಯೂ ಅಲ್ಲಿಗೆ ತಲುಪುವುದಿಲ್ಲ. ಅಲ್ಲಿನ ಗೋಡೆ 14 ಡಿಗ್ರಿಗೆ ಇಳಿದಿದ್ದರೆ ಅದರ ಮೈಮೇಲೆ ತೇವಾಂಶ ಸುಮಾರು ಶೇ 88 ಆಗುತ್ತದೆ. ಶೇ 80ರ ಮೇಲೆ ಬಹುದಿನ ಇದ್ದರೆ ಬೂಷ್ಟಿಗೆ ಸಾಕು, ನೀರು ತೊಟ್ಟಿಕ್ಕಬೇಕಾಗಿಲ್ಲ. ಹಾಗಾಗಿ ಬೀರು, ಮಂಚದ ತಲೆಹಲಗೆ, ಸೋಫಾ ಇವನ್ನು ಹೊರಗೋಡೆಯಿಂದ ಒಂದು ಅಂಗೈ ಅಗಲ, ಅಂದರೆ 5–10 ಸೆಂಟಿಮೀಟರ್ ಮುಂದೆ ಇಡಬೇಕು. ಕಾಲಿಲ್ಲದ ಬೀರುವಾದರೆ ಕೆಳಗೆ ಮರದ ತುಂಡು ಕೊಟ್ಟು ಎತ್ತಬೇಕು, ಕೆಳಗಿನಿಂದ ಗಾಳಿ ಏರುವಂತೆ. ಸಾಧ್ಯವಿದ್ದರೆ ಒಳಗೋಡೆಗೇ ಇಡುವುದು ಇನ್ನೂ ಒಳ್ಳೆಯದು.

ಬೂಷ್ಟು ಬಂದೇಬಿಟ್ಟಿತು ಅನ್ನಿ. ಮನೆಯಲ್ಲಿ ನಡೆಯುವ ಕ್ರಮ ಬಹುತೇಕ ಒಂದೇ: ಒಣ ಬ್ರಷ್ಷಿನಿಂದ ಉಜ್ಜುವುದು, ಬ್ಲೀಚ್ ಹಚ್ಚುವುದು, ಮೇಲೆ ಬಣ್ಣ ಹೊಡೆಯುವುದು. ಮೂರೂ ಕೆಲಸ ಕೆಡಿಸುತ್ತವೆ. ಒಣದಾಗಿ ಉಜ್ಜಿದರೆ ಕಣ್ಣಿಗೆ ಕಾಣದ ಬೀಜಕಗಳು ಕೋಣೆ ತುಂಬ ಹಾರುತ್ತವೆ. ಆಸ್ತಮಾ ಇರುವವರಿಗೆ ಅದೇ ಸಾಕು. ಗಾರೆ, ಮರದಂಥ ಹೀರುವ ಮೈಗೆ ಬ್ಲೀಚ್ ಹಚ್ಚಿದರೆ ಅದರ ಕ್ಲೋರಿನ್ ಮೇಲ್ಮೈಯಲ್ಲೇ ಖರ್ಚಾಗಿ, ನೀರು ಮಾತ್ರ ಒಳಗಿಳಿಯುತ್ತದೆ. ಕಪ್ಪು ಕಲೆ ಬೆಳ್ಳಗಾಗಿ ಹೋಯಿತು ಅನ್ನಿಸುತ್ತದೆ, ಒಳಗಿನ ಎಳೆಗಳು ಆ ನೀರಿನಲ್ಲೇ ಮತ್ತೆ ಚಿಗುರುತ್ತವೆ. ಬಣ್ಣವಂತೂ ಕೆಲವೇ ತಿಂಗಳಲ್ಲಿ ಸಿಪ್ಪೆ ಎದ್ದು ಬರುತ್ತದೆ. ಮೊದಲು ಹುಡುಕಬೇಕಾದದ್ದು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು: ಸೋರುವ ಪೈಪೋ, ಹೊರಗೋಡೆಯ ಬಿರುಕೋ, ಆವಿಯೋ. ಆಮೇಲೆ, ಕಲೆ ಒಂದು ಚದರ ಮೀಟರಿಗಿಂತ ಚಿಕ್ಕದಿದ್ದರೆ ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಂಡು, ಕೋಣೆಯ ಬಾಗಿಲು ಮುಚ್ಚಿ ಕಿಟಕಿ ತೆರೆದು, ಸೋಪಿನ ನೀರು ಚಿಮುಕಿಸಿ ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ ತೆಗೆಯಬೇಕು. ಆ ಬಟ್ಟೆಯನ್ನು ತೊಳೆದು ಮತ್ತೆ ಬಳಸಬೇಡಿ, ಚೀಲದಲ್ಲಿ ಕಟ್ಟಿ ಎಸೆಯಿರಿ. ಗೋಡೆ ಪೂರ್ತಿ ಒಣಗುವ ತನಕ ಫ್ಯಾನ್ ಇರಲಿ. ಜಿಪ್ಸಂ ಹಲಗೆ, ಸ್ಪಂಜಿನ ಹಾಸಿಗೆ, ದಿಂಬಿಗೆ ಹಿಡಿದಿದ್ದರೆ ಉಳಿಸಿಕೊಳ್ಳುವ ಆಸೆ ಬಿಡುವುದೇ ಲೇಸು. ನೀರು ನುಗ್ಗಿದ ಮನೆಯಲ್ಲಿ 24ರಿಂದ 48 ಗಂಟೆಯೊಳಗೆ ಒಣಗಿಸಿದ ವಸ್ತುವಿಗೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಆ ಎರಡು ದಿನದ ಓಡಾಟ ಮುಂದಿನ ಎರಡು ವರ್ಷದ ಕೆಮ್ಮನ್ನು ತಪ್ಪಿಸಬಲ್ಲದು.

ಹಾಸಿಗೆಯ ಮಾತು ಬಂದಿದ್ದರಿಂದ ಧೂಳಿನ ನುಸಿಯ ಬಗ್ಗೆ ಒಂದಿಷ್ಟು. ಇದು ನೀರು ಕುಡಿಯುವ ಪ್ರಾಣಿಯಲ್ಲ, ಗಾಳಿಯಿಂದಲೇ ತೇವ ಹೀರಿಕೊಂಡು ಬದುಕುತ್ತದೆ. ತೇವಾಂಶ ಬಹುಕಾಲ ಶೇ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಎದ್ದ ಕೂಡಲೇ ಹೊದಿಕೆ ಎಳೆದು ಹಾಸಿಗೆಯನ್ನು ನೀಟಾಗಿ ಮುಚ್ಚುವುದು ಶಿಸ್ತಿನಂತೆ ಕಂಡರೂ ರಾತ್ರಿಯ ಬೆವರನ್ನು ಒಳಗೇ ಕಟ್ಟಿಹಾಕಿದಂತೆ. ಒಂದು ಗಂಟೆ ಹೊದಿಕೆ ಮಗುಚಿ ಬಿಟ್ಟು ಆಮೇಲೆ ಮಡಿಸಿ. ದಿಂಬಿನ ಚೀಲ, ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ತಣ್ಣೀರಿನಲ್ಲಿ ಒಗೆದರೆ ಅಲರ್ಜಿ ತರುವ ಕಣ ಒಂದಷ್ಟು ಕೊಚ್ಚಿಹೋಗುತ್ತದೆ, ನುಸಿ ಬದುಕಿಕೊಳ್ಳುತ್ತದೆ.

ಅಡುಗೆಮನೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಯಂಥ ಇಂಧನಗಳ ಮನೆಹೊಗೆಯಿಂದ 2020ರಲ್ಲಿ 32 ಲಕ್ಷ ಜನ ಸತ್ತರು; ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಒಲೆಯ ಮುಂದೆ ಕೂರುವ ಹೆಂಗಸರು, ಅವರ ಮಡಿಲಿನ ಕೂಸುಗಳು ಈ ಲೆಕ್ಕದ ದೊಡ್ಡ ಭಾಗ. ಗ್ಯಾಸ್ ಬಂದ ಮೇಲೆ ಆ ಹೊಗೆ ಎಷ್ಟೋ ಕಡಿಮೆಯಾಗುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಗ್ಯಾಸಿನ ನೀಲಿ ಉರಿ ಕಣ್ಣಿಗೆ ಕಾಣದಂತೆ ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ, ಅದು ಶ್ವಾಸನಾಳ ಕೆರಳಿಸುವ ಅನಿಲ. ಮೇಲೆ ಏನೂ ಬೇಯುತ್ತಿಲ್ಲದಿದ್ದರೂ ಬಿಡುತ್ತದೆ. ಕರಿಯುವಾಗ, ಹುರಿಯುವಾಗ ಏಳುವ ಎಣ್ಣೆಯ ಹೊಗೆ ಯಾವ ಒಲೆಯಾದರೂ ಒಂದೇ, ಇಂಡಕ್ಷನ್ ಆದರೂ.

ಚಿಮಣಿ ಇರುವ ಮನೆಗಳಲ್ಲೂ ಅದನ್ನು ಹೊಗೆ ಕಂಡ ಮೇಲೆ ಹಾಕಿ, ಒಲೆಯ ಜೊತೆಗೇ ಆರಿಸುತ್ತಾರೆ. ಒಲೆ ಹಚ್ಚುವ ಮೊದಲೇ ಹಾಕಬೇಕು, ಏಕೆಂದರೆ ಗಾಳಿಯ ಹರಿವು ಕಟ್ಟಿಕೊಂಡ ಮೇಲೆ ಮಾತ್ರ ಬಿಸಿ ಹೊಗೆ ಅದರೊಳಕ್ಕೆ ಸಾಗುತ್ತದೆ. ಒಮ್ಮೆ ಕೋಣೆಗೆ ಹರಡಿದ ಹೊಗೆಯನ್ನು ಹಿಂದಕ್ಕೆ ಕರೆಯುವುದು ಕಷ್ಟ. ಒಲೆ ಆರಿದ ಮೇಲೆ 10–15 ನಿಮಿಷ ಓಡಲಿ. ಹೆಚ್ಚು ಹೊಗೆಯ ಅಡುಗೆಯನ್ನು ಹಿಂದಿನ ಬರ್ನರ್ ಮೇಲೆ ಮಾಡಿ. ಮುಂದಿನ ಬರ್ನರ್ ಮೇಲಿನ ಹೊಗೆ ಚಿಮಣಿಯ ಅಂಚನ್ನು ತಪ್ಪಿಸಿಕೊಂಡು ನೇರ ಅಡುಗೆ ಮಾಡುವವರ ಮುಖಕ್ಕೆ ಬರುತ್ತದೆ. ಹೊರಗೆ ಪೈಪು ಬಿಡದೆ ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿಗಳು ವಾಸನೆ, ಜಿಡ್ಡು ತುಸು ಕಡಿಮೆ ಮಾಡುತ್ತವೆ. ಆವಿಗೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಅವು ಏನೂ ಮಾಡಲಾರವು. ಅಂಥದ್ದನ್ನು ಕೊಳ್ಳುವುದಕ್ಕಿಂತ ಗೋಡೆಯಲ್ಲೊಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಇರುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬರ್ನರ್ ಉರಿ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಬರ್ನರ್ ತಣ್ಣಗಾದ ಮೇಲೆ ಬಿಸಿ ಸೋಪು ನೀರಿನಲ್ಲಿ ನೆನೆಸಿ, ಒಂದೊಂದು ತೂತಿಗೂ ಪಿನ್ನು ಆಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಆಮೇಲೂ ಹಳದಿಯೇ ಇದ್ದರೆ ಗ್ಯಾಸ್ ಮೆಕ್ಯಾನಿಕ್ ನೋಡಬೇಕು.

ಈ ಪೂರ್ತಿ ಉರಿಯದ ಗ್ಯಾಸಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬರುತ್ತದೆ, ಜ್ವರ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ಹೀಗಾಗಿ, ಹೊರಗೆ ಹೋದರೆ ಕಡಿಮೆಯಾದರೆ ಊಟದ ಮೇಲೆ ಅನುಮಾನ ಪಡುತ್ತ ಕೂರಬೇಡಿ. ಎಲ್ಲರೂ ಕೂಡಲೇ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಸ್ನಾನದ ಕೋಣೆಯೊಳಗೇ ಇಟ್ಟ ಗ್ಯಾಸ್ ಗೀಸರ್, ಚಳಿಗೆ ಕೋಣೆಯೊಳಗೆ ತಂದಿಟ್ಟ ಕೆಂಡ, ಕಿಟಕಿಯ ಪಕ್ಕ ಓಡುವ ಜನರೇಟರ್, ಈ ಮೂರೂ ಕೊಂದದ್ದು ಬಹಳ ಜನರನ್ನು. ಜನರೇಟರ್ ಮನೆಯ ಯಾವುದೇ ಕಿಟಕಿ-ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ ಇರಬೇಕು. ಇನ್ನೊಂದು ಅಪಾಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಕಿಟಕಿಗಳೆಲ್ಲ ಮುಚ್ಚಿದ ಮನೆಯಲ್ಲಿ ಜೋರಾದ ಅಡುಗೆಮನೆ ಚಿಮಣಿ ಓಡಿದಾಗ ಅದು ಗಾಳಿಗಾಗಿ ಗೀಸರಿನ ಹೊಗೆಕೊಳವೆಯನ್ನೇ ಹಿಮ್ಮುಖವಾಗಿ ಎಳೆಯಬಹುದು. ಮೇಲೆ ಹೋಗಬೇಕಾದ ವಿಷ ಕೆಳಗಿಳಿಯುತ್ತದೆ. ಎರಡೂ ಓಡುವಾಗ ಒಂದು ಕಿಟಕಿ ತೆರೆದಿರಲೇಬೇಕು. ಮೊನಾಕ್ಸೈಡ್ ಅಲಾರಂ ಇದ್ದರೆ ಮಲಗುವ ಕೋಣೆಯ ಹತ್ತಿರ ಹಾಕಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಅದರ ಸೆನ್ಸರಿಗೂ ಆಯಸ್ಸಿದೆ. ಹಿಂಬದಿಯಲ್ಲಿ ಬರೆದ ವರ್ಷ ಮುಗಿದಿದ್ದರೆ, ದೀಪ ಹಸಿರಾಗಿಯೇ ಇದ್ದರೂ, ಬದಲಿಸಿ.

ಮೂಗನ್ನು ನಂಬಿ ಕೆಡುವ ಇನ್ನೊಂದು ಕ್ಷೇತ್ರ ಶುಚಿ ಮಾಡುವುದು. ಘಾಟು ಬಂದರೆ ಕ್ರಿಮಿ ಸತ್ತಿತು, ಘಮ ಬಂದರೆ ಮನೆ ಚೊಕ್ಕಟವಾಯಿತು ಎಂಬ ಭಾವನೆ. ಘಾಟಿನ ಆಸೆಗೆ ಬ್ಲೀಚನ್ನು ಟಾಯ್ಲೆಟ್ ಕ್ಲೀನರ್ ಆಸಿಡ್ ಜೊತೆ ಬೆರೆಸುತ್ತಾರೆ. ಹುಟ್ಟುವುದು ಕ್ಲೋರಿನ್ ಅನಿಲ. ಅಮೋನಿಯ ಇರುವ ಗಾಜು ಕ್ಲೀನರ್ ಜೊತೆ ಬೆರೆತರೆ ಕ್ಲೋರಮೈನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಬೆರೆತುಹೋಯಿತು ಎಂದು ಗೊತ್ತಾದರೆ ಅದನ್ನು ಸರಿಮಾಡಲು ನಿಲ್ಲಬೇಡಿ, ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ. ಸೋಂಕು ನಿವಾರಣೆಗೆ ಶೇ 5ರ ಬ್ಲೀಚ್ 20 ಮಿಲಿಲೀಟರನ್ನು ಒಂದು ಲೀಟರ್ ತಣ್ಣೀರಿಗೆ ಬೆರೆಸಿದರೆ ಸಾಕು. ಮೊದಲು ಸೋಪಿನಿಂದ ಕೊಳೆ ತೆಗೆಯಬೇಕು, ಇಲ್ಲದಿದ್ದರೆ ಕ್ಲೋರಿನ್ ಕೊಳೆಯ ಮೇಲೇ ಖರ್ಚಾಗುತ್ತದೆ. ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ಆಮೇಲೆ ತೊಳೆಯಿರಿ. ಬೆರೆಸಿದ್ದನ್ನು ಮರುದಿನಕ್ಕೆ ಇಡಬೇಡಿ. ಇನ್ನು ಘಮದ ಕಥೆ: ನಿಂಬೆ, ಕಿತ್ತಳೆಯ ಪರಿಮಳದ ಸ್ಪ್ರೇಗಳಲ್ಲಿರುವ ಲಿಮೊನೀನ್ ಗಾಳಿಯಲ್ಲಿನ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡನ್ನೂ ಅತಿಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತದೆ. ಓಝೋನನ್ನೇ ಬಿಟ್ಟು ಗಾಳಿ ಶುದ್ಧ ಮಾಡುತ್ತೇವೆನ್ನುವ ಯಂತ್ರಗಳನ್ನಂತೂ ಮನೆಯೊಳಗೆ ತರಲೇಬಾರದು. ಬಟ್ಟೆಯ ಮಧ್ಯೆ ಇಡುವ ನ್ಯಾಫ್ತಲೀನ್ ಗುಳಿಗೆಯ ಬಗ್ಗೆಯೂ ಎಚ್ಚರ ಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸುಗಳಿಗೆ ಅದರ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆಯಾಗಬಹುದು. ಗುಳಿಗೆಯ ಜೊತೆ ಇದ್ದ ಬಟ್ಟೆಯಲ್ಲಿ ಕೂಸನ್ನು ಸುತ್ತಲೇಬೇಡಿ.

ಏರ್ ಪ್ಯೂರಿಫೈಯರ್ ಕೊಳ್ಳುವವರಿಗೆ ಒಂದು ಗುಣಾಕಾರ. ಕೋಣೆಯ ಘನ ಮೀಟರನ್ನು ಐದರಿಂದ ಗುಣಿಸಿ, ಪೆಟ್ಟಿಗೆಯ ಮೇಲಿನ ಸಿಎಡಿಆರ್ ಅಂಕಿ, ಅಂದರೆ ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿಯ ಅಳತೆ, ಅಷ್ಟಾದರೂ ಇರಬೇಕು. 12 ಚದರ ಮೀಟರಿನ, 3 ಮೀಟರ್ ಎತ್ತರದ ಕೋಣೆಗೆ ಗಂಟೆಗೆ 180 ಘನ ಮೀಟರ್. ಆ ಅಂಕಿ ಅತಿ ಜೋರಿನ ವೇಗದ್ದು. ರಾತ್ರಿ ಸದ್ದಿಗೆ ಹೆದರಿ ನಿಧಾನಕ್ಕೆ ಇಟ್ಟರೆ ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ದೊಡ್ಡದನ್ನು ಕೊಂಡು ಮಧ್ಯಮ ವೇಗದಲ್ಲಿ ಓಡಿಸುವುದು ಜಾಣತನ. ಹೆಪಾ ಫಿಲ್ಟರ್ ಧೂಳನ್ನು, ಹೊಗೆಯ ಕಣವನ್ನು ಹಿಡಿಯುತ್ತದೆ. ಡೈಆಕ್ಸೈಡ್, ಮೊನಾಕ್ಸೈಡ್ ಹಿಡಿಯುವುದಿಲ್ಲ. ಕುಂಡದ ಗಿಡಗಳು ಗಾಳಿ ಶುದ್ಧ ಮಾಡುತ್ತವೆ ಎಂಬ ಮಾತು 1989ರ ನಾಸಾ ಪ್ರಯೋಗದಿಂದ ಹರಡಿದ್ದು. ಅದು ಮೊಹರು ಮಾಡಿದ ಸಣ್ಣ ಪೆಟ್ಟಿಗೆಯಲ್ಲಿ ನಡೆದದ್ದು. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗ, ಮಾಮೂಲಿ ಗಾಳಿಯಾಟದ ಕೆಲಸ ಗಿಡಗಳಿಂದಲೇ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು ಬಂತು. ಗಿಡಗಳನ್ನು ಪ್ರೀತಿಗಾಗಿ ಬೆಳೆಸಿ.

ಇಷ್ಟು ತಿಳಿದಿದ್ದರೂ ಮನೆಗಳಲ್ಲಿ ಇದು ನಡೆಯದಿರುವುದಕ್ಕೆ ಕಾರಣ ಸೋಮಾರಿತನವೆಂದು ನಾನು ಒಪ್ಪುವುದಿಲ್ಲ. ಫ್ಯಾನಿನ ಸದ್ದು ತಡೆಯಲಾಗದೆ ಆರಿಸುತ್ತಾರೆ. ಸ್ವಿಚ್ಚು ಬಾಗಿಲ ಹೊರಗಿದ್ದು ಯಾರೋ ದಾಟಿಹೋಗುವಾಗ ಆರಿಸುತ್ತಾರೆ. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಹೊಡೆಯಲು ಬಿಡುವುದಿಲ್ಲ. ಓದಿ ತಿಳಿದವರು ಒಬ್ಬರು, ಒಲೆಯ ಮುಂದೆ ನಿಲ್ಲುವವರು, ನೆಲ ಒರೆಸುವವರು ಇನ್ನೊಬ್ಬರು; ಆ ತಿಳಿವಳಿಕೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟುವುದೇ ಇಲ್ಲ. ಉಪದೇಶಕ್ಕಿಂತ ಜಾಗ ಬದಲಿಸುವುದು ಹೆಚ್ಚು ಕೆಲಸ ಮಾಡುತ್ತದೆ: ಬಚ್ಚಲಿನ ಫ್ಯಾನಿಗೆ 20 ನಿಮಿಷದ ಟೈಮರ್ ಸ್ವಿಚ್, ಆಸಿಡ್ ಮತ್ತು ಬ್ಲೀಚಿಗೆ ಬೇರೆ ಬೇರೆ ಕಪಾಟು, ಬಳಸದ ಬಚ್ಚಲಿನ ಜಾಲರಿಯ ಪಕ್ಕದಲ್ಲೇ ಒಂದು ಚೊಂಬು. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಟ್ರ್ಯಾಪಿಗೆ ನೀರು ಸುರಿದ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ. ಅದು ಮೇಲೆ ತೇಲಿ ನೀರು ಆರುವುದನ್ನು ತಡೆಯುತ್ತದೆ.

ಕೊಳ್ಳಬೇಕಾದ ಮೊದಲ ಸಾಧನ ಯಾವುದೆಂದು ಕೇಳಿದರೆ ಅಂಗೈಯಗಲದ ತೇವಮಾಪಕ ಅನ್ನುತ್ತೇನೆ, ಹೈಗ್ರೋಮೀಟರ್ ಅಂತ ಸಿಗುತ್ತದೆ. ಅಗ್ಗದವು ಐದಾರು ಅಂಕಿ ಹಿಂದೆಮುಂದೆ ತೋರಿಸುತ್ತವೆ, ಅದಕ್ಕೆ ಮನೆಯಲ್ಲೇ ಪರೀಕ್ಷೆ ಇದೆ. ಬಾಟಲಿಯ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಹನಿ ಹನಿಯಾಗಿ ನೀರು ಬಿಡಿ. ಒದ್ದೆ ಮರಳಿನಂತೆ ಆಗಬೇಕು, ಕರಗಿ ನೀರಾಗಬಾರದು. ಹೆಚ್ಚಾದರೆ ಇನ್ನಷ್ಟು ಉಪ್ಪು ಹಾಕಿ. ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಚೀಲದಲ್ಲಿಟ್ಟು, ಸ್ವಲ್ಪ ಗಾಳಿ ಉಳಿಸಿ ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳದ ಕಡೆ 8ರಿಂದ 12 ಗಂಟೆ ಬಿಡಿ. ತಣ್ಣಗಿರಲೆಂದು ಫ್ರಿಜ್ಜಿನಲ್ಲಿ ಇಡಬೇಡಿ. ಹಸಿ ಉಪ್ಪು ಮುಚ್ಚಿದ ಗಾಳಿಯನ್ನು ಶೇ 75ಕ್ಕೆ ತಂದು ನಿಲ್ಲಿಸುತ್ತದೆ, ಉಪ್ಪಿನ ಗುಣವೇ ಅದು. ಚೀಲ ತೆರೆಯದೆ, ಹೊರಗಿನಿಂದಲೇ ಅಂಕಿ ಓದಿ. 71 ತೋರಿಸಿದರೆ ಹಿಂಬದಿಗೆ ಒಂದು ಚೀಟಿ ಅಂಟಿಸಿ "4 ಕೂಡಿಸಿ" ಎಂದು ಬರೆಯಿರಿ. ಆಮೇಲೆ ಅದನ್ನು ತಂದು ಮೊದಲ ವಾರ ಬೀರುವಿನ ಹಿಂದೆ ಇಡಿ, ಎರಡನೆಯ ವಾರ ಹಾಸಿಗೆಯ ಪಕ್ಕ.